ಕೋಲಿಗೆ ಸಿಗದ ಪೆಟ್ಟು: ದಾರಿ ತೋರಿಸುವ ಸಾಧನಗಳನ್ನು ಆರಿಸುವುದು, ಕಲಿಯುವುದು ಹೇಗೆ?

ನನ್ನ ಅಣ್ಣನಿಗೆ ಕಣ್ಣು ಹೋದದ್ದು ನಿಧಾನವಾಗಿ. ಮೊದಲು ರಾತ್ರಿ ಹೊತ್ತು ಕಾಣದಾಯಿತು. ಆಮೇಲೆ ಅಕ್ಕಪಕ್ಕ ಮುಚ್ಚಿಕೊಂಡು ಬಂತು. ರೆಟಿನೈಟಿಸ್ ಪಿಗ್ಮೆಂಟೋಸ ಅಂದರು ಡಾಕ್ಟರು. ಈಗ ಬೆಳಕಿದೆಯೋ ಇಲ್ಲವೋ ಅನ್ನುವುದು ಬಿಟ್ಟರೆ ಏನೂ ತಿಳಿಯದು. ಬಿಳಿ ಕೋಲು ಹಿಡಿದು ಮೈಸೂರಿನ ಬೀದಿಗಳಲ್ಲಿ ಒಬ್ಬನೇ ಓಡಾಡುತ್ತಾನೆ. ಆದರೂ ಒಂದು ಕಾಲದಲ್ಲಿ ವಾರಕ್ಕೊಮ್ಮೆಯಾದರೂ ಹಣೆ ಊದಿಸಿಕೊಂಡು ಬರುತ್ತಿದ್ದ. ಅಂಗಡಿ ಮುಂದೆ ಚಾಚಿದ ತಗಡಿನ ಶೀಟು, ರಸ್ತೆ ಕಡೆಗೆ ತೆರೆದಿಟ್ಟ ಕಿಟಕಿ ಬಾಗಿಲು, ನಿಂತ ಲಾರಿಯ ಹಿಂಬದಿ. ಕೋಲು ಅವುಗಳ ಕೆಳಗೆ ಸಲೀಸಾಗಿ ಹೋಗಿಬಿಡುತ್ತದೆ. ತಲೆ ಹೋಗಿ ಬಡಿಯುತ್ತದೆ.

ಏನಾದರೂ ಸಾಧನ ತೆಗೆದುಕೊಳ್ಳೋಣ ಅಂತ ಹೊರಟೆವು. ಮೊದಲು ಕೊಂಡದ್ದು ಕ್ಯಾಮೆರಾ ಇರುವ ಕನ್ನಡಕ. ಅದು ಕಾಗದ ಪತ್ರಗಳನ್ನು ಚೆನ್ನಾಗಿ ಓದಿ ಹೇಳಿತು. ಹಣೆಗೆ ಬೀಳುವ ಪೆಟ್ಟು ಮಾತ್ರ ಒಂದೂ ಕಡಿಮೆಯಾಗಲಿಲ್ಲ. ನಮಗೆ ಬೇಕಾದದ್ದು ಏನು ಅಂತ ಕೊಳ್ಳುವ ಮೊದಲು ನಾವು ಕೇಳಿಕೊಂಡೇ ಇರಲಿಲ್ಲ.

ಈ ತಪ್ಪನ್ನು ಬಹಳ ಮನೆಗಳಲ್ಲಿ ನೋಡಿದ್ದೇನೆ. ಹೊರದೇಶದಲ್ಲಿರುವ ನೆಂಟರು ಪ್ರೀತಿಯಿಂದ ಏನೋ ಕಳಿಸುತ್ತಾರೆ. ಹದಿನೈದು ದಿನ ಆದಮೇಲೆ ಅದು ಬೀರು ಸೇರುತ್ತದೆ. ಹಾಗಾಗದಿರಲಿ ಅಂತ, ನಾವು ಕಲಿತದ್ದನ್ನು ಕಲಿತ ಕ್ರಮದಲ್ಲೇ ಬರೆಯುತ್ತಿದ್ದೇನೆ. ಫೋನಿನಲ್ಲಿ ಕೇಳಿಸಿಕೊಳ್ಳುವ ಕಣ್ಣು ಕಾಣದ ಓದುಗರಿಗೂ, ಅವರ ಮನೆಯವರಿಗೂ ಇದು ಸೇರಿದ್ದು.

ಮೊದಲನೆಯ ಹೆಜ್ಜೆ: ಕೋಲು ಗಟ್ಟಿಯಾಗಲಿ

ಯಾವ ಸಾಧನ ಕೊಂಡರೂ ಬಿಳಿ ಕೋಲು ಬಿಡುವಂತಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ "ಇನ್ನು ಕೋಲು ಬೇಡ" ಅಂತ ಆಸೆ ಹುಟ್ಟಿಸುವ ವಿಡಿಯೋಗಳು ಜಾಸ್ತಿ ಇವೆ.

ಕಾರಣ ಸರಳ. ಮೈಮೇಲೆ ಧರಿಸುವ ಸಾಧನಗಳಲ್ಲಿ ಹೆಚ್ಚಿನವು ಎದುರಿಗೆ ಇರುವ ವಸ್ತುವನ್ನು ಗುರುತಿಸುತ್ತವೆ. ಎದುರಿಗೆ ನೆಲವೇ ಇಲ್ಲದಿರುವುದನ್ನು ಗುರುತಿಸುವುದು ಅವಕ್ಕೆ ಕಷ್ಟ. ಚಪ್ಪಡಿ ಎದ್ದುಹೋದ ಚರಂಡಿ, ಮುಚ್ಚಳ ಇಲ್ಲದ ಮ್ಯಾನ್‌ಹೋಲ್, ಕೆಳಕ್ಕೆ ಇಳಿಯುವ ಮೆಟ್ಟಿಲು, ಕೇಬಲ್ ಹಾಕಲು ಅಗೆದು ಹಾಗೇ ಬಿಟ್ಟ ಗುಂಡಿ. ನಮ್ಮ ಊರುಗಳಲ್ಲಿ ಕಾಲು ಮುರಿಯುವುದು ಇಂಥ ಕಡೆಯೇ ಅಲ್ವಾ? ಇವನ್ನು ನಂಬಿಕೆಯಿಂದ ಹೇಳುವುದು ಕೋಲಿನ ತುದಿ ಮಾತ್ರ. ಅದಕ್ಕೆ ಚಾರ್ಜ್ ಬೇಡ, ನೆಟ್‌ವರ್ಕ್ ಬೇಡ. ಇನ್ನೊಂದು ವಿಷಯವೂ ಇದೆ. ಬಿಳಿ ಕೋಲು ನೋಡಿದರೆ ಎದುರಿನ ಸ್ಕೂಟರಿನವನಿಗೂ ತಿಳಿಯುತ್ತದೆ. ಕೈಗೆ ಕಟ್ಟಿದ ಪಟ್ಟಿ ನೋಡಿ ಯಾರಿಗೂ ಏನೂ ತಿಳಿಯುವುದಿಲ್ಲ.

ಕೋಲಿನ ಉದ್ದ ಸಾಮಾನ್ಯವಾಗಿ ನೆಲದಿಂದ ಎದೆಮೂಳೆಯವರೆಗೆ ಇರಬೇಕು. ಬಿರುಸಾಗಿ ನಡೆಯುವವರಿಗೆ ಇನ್ನೂ ಸ್ವಲ್ಪ ಉದ್ದ ಬೇಕಾಗುತ್ತದೆ. ತುಂಬಾ ಜನ ತೀರಾ ಗಿಡ್ಡ ಕೋಲು ಹಿಡಿದಿರುತ್ತಾರೆ. ಯಾವುದೋ ಶಿಬಿರದಲ್ಲಿ ಕೊಟ್ಟದ್ದನ್ನೇ ಹಿಡಿದು ನಡೆಯುತ್ತಿರುತ್ತಾರೆ. ಎಡಗಾಲು ಮುಂದಿಡುವಾಗ ಕೋಲಿನ ತುದಿ ಬಲಕ್ಕೆ, ಬಲಗಾಲು ಇಡುವಾಗ ಎಡಕ್ಕೆ ಬರಬೇಕು. ಭುಜಕ್ಕಿಂತ ಸ್ವಲ್ಪ ಅಗಲಕ್ಕೆ ಬೀಸಿದರೆ ಸಾಕು. ಈ ಕ್ರಮವನ್ನು ರೂಪಿಸಿದ್ದು 1940ರ ದಶಕದಲ್ಲಿ, ಎರಡನೇ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಅಮೆರಿಕದ ಸೈನಿಕರಿಗಾಗಿ. ರಿಚರ್ಡ್ ಹೂವರ್ ಎಂಬವರು ಅದನ್ನು ಆಸ್ಪತ್ರೆಯಲ್ಲಿ ಕಲಿಸಿದರು. ಇವತ್ತಿಗೂ ಅದೇ ಬುನಾದಿ.

ಇದನ್ನು ಯೂಟ್ಯೂಬ್ ನೋಡಿ ಕಲಿಯಬೇಡಿ. ಮೊಬಿಲಿಟಿ ಟ್ರೇನಿಂಗ್, ಅಂದರೆ ಒಬ್ಬರೇ ಓಡಾಡಲು ಕಲಿಸುವ ತರಬೇತಿ, ಅಂತಲೇ ಕೇಳಿ. ಬೆಂಗಳೂರಿನಲ್ಲಿ ರಾಷ್ಟ್ರೀಯ ಅಂಧರ ಸಂಘದ ಕರ್ನಾಟಕ ಶಾಖೆ, ಮಿತ್ರಜ್ಯೋತಿ, ಎನೇಬಲ್ ಇಂಡಿಯಾ ಇವೆ. ವಿಕಲಚೇತನರಿಗಾಗಿ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಹಳ್ಳಿಯಲ್ಲಿದ್ದರೆ ಪಂಚಾಯಿತಿಯ ವಿ.ಆರ್.ಡಬ್ಲ್ಯೂ ಅವರನ್ನು, ತಾಲ್ಲೂಕಿನಲ್ಲಿ ಎಂ.ಆರ್.ಡಬ್ಲ್ಯೂ ಅವರನ್ನು ಕೇಳಿ. ಹತ್ತಿರದಲ್ಲಿ ಯಾರು ಕಲಿಸುತ್ತಾರೆ ಎಂಬುದನ್ನು ಅವರು ವಿಚಾರಿಸಿ ಹೇಳಬಲ್ಲರು.

ಎರಡನೆಯದು: ಒಂದು ವಾರ ಪೆಟ್ಟುಗಳ ಲೆಕ್ಕ ಇಡಿ

ಇದಕ್ಕೆ ಖರ್ಚಿಲ್ಲ. ಆದರೆ ಉಳಿದ ಎಲ್ಲ ಹೆಜ್ಜೆಗಿಂತ ಇದೇ ಮುಖ್ಯ.

ಮನೆಗೆ ಬಂದ ಕೂಡಲೇ ಫೋನಿನ ರೆಕಾರ್ಡರ್‌ನಲ್ಲಿ ಎರಡು ಮಾತು ಹೇಳಿಡಿ. ಇವತ್ತು ಎಲ್ಲಿ ತಾಗಿತು? ಮೈಯಲ್ಲಿ ಯಾವ ಎತ್ತರಕ್ಕೆ? ಎಲ್ಲಿ ದಿಕ್ಕು ತಪ್ಪಿತು? ಎಲ್ಲಿ ಯಾರನ್ನಾದರೂ ಕೇಳಲೇಬೇಕಾಯಿತು? ಕೇಳಲು ಯಾರೂ ಇಲ್ಲದೆ ನಿಂತದ್ದು ಎಲ್ಲಿ?

ವಾರ ಮುಗಿದ ಮೇಲೆ ಕೇಳಿ ನೋಡಿ. ನಿಮ್ಮ ತೊಂದರೆಯ ರೂಪ ತಾನೇ ಕಾಣಿಸುತ್ತದೆ. ಅಣ್ಣನ ಪಟ್ಟಿಯಲ್ಲಿ ತಲೆ ಮತ್ತು ಎದೆ ಎತ್ತರದ ಪೆಟ್ಟುಗಳೇ ಹೆಚ್ಚು. ಅವನ ಗೆಳೆಯರೊಬ್ಬರು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾರೆ. ಅವರಿಗೆ ಪೆಟ್ಟು ಬೀಳುವುದು ಕಡಿಮೆ. ಆದರೆ ಬಸ್ ಸ್ಟಾಪಿನಲ್ಲಿ ಯಾವ ಬಸ್ಸು ಬಂತು ಅಂತ ತಿಳಿಯದೆ ದಿನಕ್ಕೆ ಅರ್ಧ ಗಂಟೆ ಹೋಗುತ್ತಿತ್ತು. ಇಬ್ಬರಿಗೂ ಒಂದೇ ಸಾಧನ ಕೊಡಿಸಿದರೆ ಒಬ್ಬರ ದುಡ್ಡು ಹಾಳು.

ಮೂರನೆಯದು: ತೊಂದರೆಗೆ ತಕ್ಕ ಸಾಧನ

ತಲೆಗೆ, ಎದೆಗೆ ಪೆಟ್ಟು ಬೀಳುತ್ತಿದ್ದರೆ ಪ್ರತಿಧ್ವನಿಯ ಸಾಧನ ನೋಡಿ. ಬಾವಲಿ ಹಾರುವ ಹಾಗೆಯೇ ಇದರ ಕೆಲಸ. ನಮ್ಮ ಕಿವಿಗೆ ಕೇಳಿಸದ ಅಲ್ಟ್ರಾಸೌಂಡ್ ಸದ್ದನ್ನು ಸಾಧನ ಮುಂದಕ್ಕೆ ಬಿಡುತ್ತದೆ. ಅದು ಅಡ್ಡಿಗೆ ತಾಗಿ ವಾಪಸ್ ಬರುವ ಹೊತ್ತನ್ನು ಅಳೆದು ದೂರ ಲೆಕ್ಕ ಹಾಕುತ್ತದೆ. ಹತ್ತಿರವಾದಂತೆ ಕೈಯಲ್ಲಿ ವೈಬ್ರೇಷನ್ ಬದಲಾಗುತ್ತದೆ.

ನಮ್ಮ ದೇಶದಲ್ಲಿ ಇದರ ಒಳ್ಳೆಯ ಉದಾಹರಣೆ ಸ್ಮಾರ್ಟ್‌ಕೇನ್. ಐಐಟಿ ದೆಹಲಿಯವರು ಸಕ್ಷಮ್ ಟ್ರಸ್ಟ್ ಮತ್ತು ಚೆನ್ನೈನ ಫೀನಿಕ್ಸ್ ಮೆಡಿಕಲ್ ಸಿಸ್ಟಮ್ಸ್ ಜೊತೆ ಸೇರಿ ಮಾಡಿದ್ದು. 2014ರಲ್ಲಿ ಬಿಡುಗಡೆಯಾದಾಗ ಬೆಲೆ ಸುಮಾರು 3,000 ರೂಪಾಯಿ ಇತ್ತು. ನಿಜ ಹೇಳಬೇಕೆಂದರೆ ಇದು ಮೈಮೇಲೆ ಧರಿಸುವುದಲ್ಲ, ಮಾಮೂಲಿ ಬಿಳಿ ಕೋಲಿನ ಹಿಡಿಗೆ ಸಿಕ್ಕಿಸುವುದು. ಮೊಣಕಾಲಿನಿಂದ ತಲೆಯವರೆಗಿನ ಅಡ್ಡಿಗಳನ್ನು ಹಿಡಿಯಲೆಂದೇ ಮಾಡಿದ್ದು. ದೂರ ಎರಡು ರೀತಿ ಇಟ್ಟುಕೊಳ್ಳಬಹುದು: 1.8 ಮೀಟರ್ ಅಥವಾ 3 ಮೀಟರ್. ಇದೇ ತತ್ವದ ಮೇಲೆ ಮಣಿಕಟ್ಟಿಗೆ ಕಟ್ಟುವ, ಎದೆಗೆ ಸಿಕ್ಕಿಸುವ ಸಾಧನಗಳೂ ಇವೆ. ಸುನು ಬ್ಯಾಂಡ್ ಮಣಿಕಟ್ಟಿನದು. ಕೋಲು ಹಿಡಿಯದ ಕೈಗೆ ಕಟ್ಟಿಕೊಂಡು, ಕೈ ತಿರುಗಿಸಿ ಸುತ್ತ ಏನಿದೆ ಅಂತ ತಿಳಿಯುವುದು ಅದರ ಬಳಕೆ. ಎದೆಯ ಸಾಧನ ಹಾಗಲ್ಲ. ಮೈ ತಿರುಗಿದ ಕಡೆಗಷ್ಟೇ ಅದರ ಗಮನ. ಆದರೆ ಕೈ ಎರಡೂ ಬಿಡುವಾಗಿರುತ್ತವೆ.

ಇದರ ಮಿತಿಗಳನ್ನು ಬಾಯಿಪಾಠ ಮಾಡಿಕೊಳ್ಳಬೇಕು. ಒಣಗಲು ಹಾಕಿದ ದಪ್ಪ ಕಂಬಳಿ, ಹತ್ತಿಯ ಮೂಟೆ ಇಂಥವು ಸದ್ದನ್ನು ಹೀರಿಕೊಳ್ಳುತ್ತವೆ. ವಾಪಸ್ ಬರುವುದು ಕಡಿಮೆ. ನುಣುಪಾದ ಓರೆ ಮೈ ಇದ್ದರೆ ಸದ್ದು ಬೇರೆ ಕಡೆ ಜಾರುತ್ತದೆ. ಕರೆಂಟು ಕಂಬದ ಸ್ಟೇ ವೈರ್‌ನಂಥ ತೆಳ್ಳನೆಯ ವಸ್ತು ತಪ್ಪಿಹೋಗಬಹುದು. ಗಾಜಿನ ಬಾಗಿಲನ್ನು ಮಾತ್ರ ಎದುರಿಗೆ ನಿಂತರೆ ಚೆನ್ನಾಗಿ ಹಿಡಿಯುತ್ತದೆ. ಕ್ಯಾಮೆರಾ ಸಾಧನಗಳು ಸೋಲುವುದು ಅಲ್ಲೇ. ಮಳೆಯಲ್ಲಿ ಸೆನ್ಸರ್ ಮೇಲೆ ನೀರು ನಿಂತರೆ ಸುಮ್ನೆ ವೈಬ್ರೇಷನ್ ಬರುತ್ತದೆ. ಇನ್ನು ವೇಗದ ಲೆಕ್ಕ. ನೀವು ಸೆಕೆಂಡಿಗೆ ಒಂದು ಮೀಟರಿನಂತೆ ನಡೆಯುತ್ತಿದ್ದರೆ 3 ಮೀಟರ್ ದೂರದ ಕಂಬಕ್ಕೆ ಮೂರು ಸೆಕೆಂಡ್ ಸಮಯ ಇದೆ. ಸಾಕು. ಆದರೆ ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಎದುರು ಬರುವ ಸೈಕಲ್ಲಿಗೆ ಒಂದು ಸೆಕೆಂಡೂ ಸಿಗುವುದಿಲ್ಲ. ಹಾಗಾಗಿ ಈ ಸಾಧನ ನಿಂತ ವಸ್ತುಗಳಿಗೆ. ಓಡುವ ವಾಹನಕ್ಕೆ ನಿಮ್ಮ ಕಿವಿಯೇ ಸಾಧನ.

ದಿಕ್ಕು ತಪ್ಪುವುದೇ ನಿಮ್ಮ ತೊಂದರೆಯಾದರೆ ಬೇರೆ ಜಾತಿಯ ಸಾಧನ ಬೇಕು. ಜರ್ಮನಿಯ ಫೀಲ್‌ಸ್ಪೇಸ್ ಮಾಡಿದ ಸೊಂಟಪಟ್ಟಿಯಲ್ಲಿ ಸುತ್ತಲೂ ಸಣ್ಣ ವೈಬ್ರೇಷನ್ ಮೋಟಾರುಗಳಿವೆ. ಉತ್ತರ ಎಲ್ಲಿದೆಯೋ, ಅಥವಾ ಹೋಗಬೇಕಾದ ಕಡೆ ಎಲ್ಲಿದೆಯೋ, ಆ ಬದಿಯ ಮೋಟಾರು ನಡುಗುತ್ತದೆ. ಸಿಕಂದರಾಬಾದಿನ ಡುಸೆರೆ ಕಂಪನಿ ತಂದ ಲೇಚಲ್ ಚಪ್ಪಲಿ ಎಡಕ್ಕೋ ಬಲಕ್ಕೋ ಅನ್ನುವುದನ್ನು ಪಾದಕ್ಕೇ ಹೇಳುತ್ತಿತ್ತು. ಮೈಕ್ರೋಸಾಫ್ಟ್ 2018ರಲ್ಲಿ ಸೌಂಡ್‌ಸ್ಕೇಪ್ ಎಂಬ ಆ್ಯಪ್ ಬಿಟ್ಟಿತು. ಅಂಗಡಿ ಎಡಕ್ಕಿದ್ದರೆ ಅದರ ಹೆಸರು ಎಡಗಡೆಯಿಂದಲೇ ಕೇಳಿಸುವಂತೆ ಅದನ್ನು ಮಾಡಿದ್ದರು. 2023ರಲ್ಲಿ ನಿಲ್ಲಿಸಿದರು. ಅದರ ಕೋಡನ್ನು ಎಲ್ಲರಿಗೂ ತೆರೆದದ್ದರಿಂದ ವಾಯ್ಸ್‌ವಿಸ್ಟಾದಂಥ ಆ್ಯಪ್‌ಗಳು ಆ ಕೆಲಸ ಮುಂದುವರಿಸಿವೆ.

ದಾರಿ, ಜಾಗ ಹೇಳುವಾಗ ಇವೆಲ್ಲ ಜಿಪಿಎಸ್ ನಂಬಿದವು. ಬಯಲಲ್ಲಿ ಕೂಡ ಫೋನಿನ ಜಿಪಿಎಸ್ ಐದು ಮೀಟರಿನಷ್ಟು ಆಚೀಚೆ ತೋರಿಸುತ್ತದೆ. ಎತ್ತರದ ಕಟ್ಟಡಗಳ ನಡುವೆ ಇನ್ನೂ ಹೆಚ್ಚು. ಅಂಗಡಿ ಬಂತು ಅಂತ ಹೇಳಬಲ್ಲದು, ಅಂಗಡಿ ಬಾಗಿಲು ಎಲ್ಲಿ ಅಂತ ಹೇಳಲಾರದು. ರಸ್ತೆಯ ಈ ಬದಿಯೋ ಆ ಬದಿಯೋ ಅನ್ನುವಲ್ಲೂ ತಪ್ಪಬಹುದು.

ಬೋರ್ಡು ಓದಬೇಕು, ಎದುರಿಗೆ ಯಾರಿದ್ದಾರೆ ತಿಳಿಯಬೇಕು, ಕೌಂಟರ್ ಹುಡುಕಬೇಕು ಅನ್ನುವವರಿಗೆ ಕ್ಯಾಮೆರಾ ಕನ್ನಡಕ. ಇಸ್ರೇಲಿನ ಆರ್‌ಕ್ಯಾಮ್ (ಇದು ಮಾಮೂಲಿ ಕನ್ನಡಕಕ್ಕೆ ಸಿಕ್ಕಿಸುವ ಕ್ಯಾಮೆರಾ), ನೆದರ್‌ಲ್ಯಾಂಡ್ಸ್‌ನ ಎನ್ವಿಷನ್ ಗ್ಲಾಸಸ್, ನಮ್ಮ ಬೆಂಗಳೂರಿನ ಎಸ್‌ಎಚ್‌ಜಿ ಟೆಕ್ನಾಲಜೀಸ್‌ನ ಸ್ಮಾರ್ಟ್ ವಿಷನ್ ಗ್ಲಾಸಸ್ ಇವೆ. ರೇಬಾನ್ ಮೆಟಾ ಕನ್ನಡಕ ಎಲ್ಲರಿಗಾಗಿ ಮಾಡಿದ್ದು. 2024ರ ಕೊನೆಯಲ್ಲಿ ಅದಕ್ಕೆ ಬಿ ಮೈ ಐಸ್ ಸೇವೆ ಜೋಡಿಸಿದ ಮೇಲೆ ಕಣ್ಣು ಕಾಣದವರೂ ಕೊಳ್ಳತೊಡಗಿದರು. ಡೆನ್ಮಾರ್ಕಿನಲ್ಲಿ 2015ರಲ್ಲಿ ಶುರುವಾದ ಈ ಸೇವೆಯಲ್ಲಿ ಕಣ್ಣು ಕಾಣುವ ಸ್ವಯಂಸೇವಕರು ನಿಮ್ಮ ವಿಡಿಯೋ ಕರೆ ತೆಗೆದುಕೊಂಡು, ಎದುರಿಗೆ ಏನಿದೆ ಅಂತ ಹೇಳುತ್ತಾರೆ.

ಕನ್ನಡಕದ ಎಐ ಉತ್ತರ ಕೊಡಲು ಕೆಲವು ಸೆಕೆಂಡ್ ತೆಗೆದುಕೊಳ್ಳುತ್ತದೆ. ಒಮ್ಮೊಮ್ಮೆ ಇಲ್ಲದ್ದನ್ನು ಇದೆ ಅಂತಲೂ ಧೈರ್ಯವಾಗಿ ಹೇಳುತ್ತದೆ. "ಈಗ ರಸ್ತೆ ದಾಟಬಹುದಾ?" ಅಂತ ಅದನ್ನು ಯಾವತ್ತೂ ಕೇಳಬೇಡಿ. ನಿಂತು, ಗೋಡೆ ಬದಿಗೆ ಸರಿದು, ಬೋರ್ಡು ಓದಿಸಿಕೊಳ್ಳಿ. ಅದು ಸರಿಯಾದ ಬಳಕೆ.

ಇನ್ನು ಬಸ್ ನಂಬರಿನ ಚಿಂತೆ. ಇದಕ್ಕೆ ಕನ್ನಡಕ ಒಳ್ಳೆಯ ಉತ್ತರವಲ್ಲ, ಬಸ್ಸು ನಿಲ್ಲುವ ಹೊತ್ತಿಗೆ ಅದು ಓದಿ ಮುಗಿಸುವುದಿಲ್ಲ. ಮೈಸೂರಿನ ನಗರ ಸಾರಿಗೆ ಬಸ್ಸುಗಳಲ್ಲಿ ಕೆಎಸ್‌ಆರ್‌ಟಿಸಿ 2023ರಲ್ಲಿ ಧ್ವನಿ ಸ್ಪಂದನ ತಂದಿತು. ಕೈಯಲ್ಲಿರುವ ಸಣ್ಣ ಸಾಧನದ ಗುಂಡಿ ಒತ್ತಿದರೆ, ಹತ್ತಿರ ಬಂದ ಬಸ್ಸೇ ತನ್ನ ನಂಬರನ್ನು ಕೂಗಿ ಹೇಳುತ್ತದೆ. ಆ ಸದ್ದು ಬಂದ ಕಡೆ ನಡೆದರೆ ಬಾಗಿಲೂ ಸಿಗುತ್ತದೆ. ತಂತ್ರಜ್ಞಾನವನ್ನು ಮನುಷ್ಯನ ಮೈಮೇಲೆ ಹೇರದೆ ಬಸ್ಸಿಗೆ ಹಾಕಿದ್ದು ನನಗೆ ಬಹಳ ಇಷ್ಟವಾಯಿತು. ಎಲ್ಲ ಊರುಗಳಲ್ಲೂ ಇದನ್ನು ಕೇಳಿ ಪಡೆಯಬೇಕು.

ನಾಲ್ಕನೆಯದು: ಕಿವಿ ಖಾಲಿ ಇರಲಿ

ಕಣ್ಣು ಕಾಣದವರು ಓಣಿಯ ಬಾಯಿಯನ್ನು ಗಾಳಿಯ ಸದ್ದಿನಿಂದ ಗುರುತಿಸುತ್ತಾರೆ. ಗೋಡೆ ಹತ್ತಿರವಾದರೆ ತಮ್ಮದೇ ಹೆಜ್ಜೆಯ ಸದ್ದು ಬದಲಾಗುವುದು ಅವರಿಗೆ ಗೊತ್ತಾಗುತ್ತದೆ. ಆ ಕಿವಿಗೆ ಇಯರ್‌ಫೋನ್ ತುರುಕಿದರೆ ಇರುವುದನ್ನೂ ಕಿತ್ತುಕೊಂಡಂತೆ. ಅದರಲ್ಲೂ ಈಗ ಎಲೆಕ್ಟ್ರಿಕ್ ಸ್ಕೂಟರ್‌ಗಳ ಕಾಲ. ಅವು ಹತ್ತಿರ ಬಂದದ್ದೇ ತಿಳಿಯುವುದಿಲ್ಲ.

ನಡೆಯುವಾಗ ಮಾತಿಗಿಂತ ವೈಬ್ರೇಷನ್ ಒಳ್ಳೆಯದು. ಮಾತು ಬೇಕೇ ಬೇಕಾದರೆ ಬೋನ್ ಕಂಡಕ್ಷನ್ ಹೆಡ್‌ಫೋನ್ ತೆಗೆದುಕೊಳ್ಳಿ. ಅದು ಕಿವಿಯ ಮುಂದಿನ ಮೂಳೆಯ ಮೇಲೆ ಕೂರುತ್ತದೆ. ಕಿವಿಯ ತೂತು ತೆರೆದೇ ಇರುತ್ತದೆ. ಅದರ ಸದ್ದನ್ನೂ ಕಡಿಮೆ ಇಡಿ. ಮಾರ್ಕೆಟ್ಟಿನಲ್ಲಿ ಕೇಳಿಸದಿದ್ದರೆ ಜೋರು ಮಾಡಬೇಡಿ, ನಿಂತು ಕೇಳಿಸಿಕೊಳ್ಳಿ.

ಐದನೆಯದು: ದುಡ್ಡು ಕೊಡುವ ಮೊದಲು

ಕೈಯಲ್ಲಿ ಫೋನ್ ಇದ್ದರೆ ಮೊದಲು ಅದನ್ನೇ ಸಾಧನ ಮಾಡಿಕೊಂಡು ನೋಡಿ. ಕ್ಯಾಮೆರಾ ಹೊರಗೆ ಕಾಣುವಂಥ ಚೀಲದಲ್ಲಿ ಫೋನನ್ನು ಕುತ್ತಿಗೆಗೆ ನೇತುಹಾಕಿ. ಎನ್ವಿಷನ್, ಸೀಯಿಂಗ್ ಎಐ, ಬಿ ಮೈ ಐಸ್ ಆ್ಯಪ್‌ಗಳು ಉಚಿತ. ಹದಿನೈದು ದಿನ ಬಳಸಿ. ನಿಜವಾಗಿ ಎಷ್ಟು ಸಲ ಬೇಕಾಯಿತು ಅಂತ ಎಣಿಸಿ. ದಿನಕ್ಕೆ ಒಂದು ಸಲವೂ ಬೇಕಾಗದಿದ್ದರೆ ದುಬಾರಿ ಕನ್ನಡಕ ಬೇಡ.

ಸಾಧನ ಮಾರುವವರು ಎಸಿ ಹಾಕಿದ ಕೋಣೆಯಲ್ಲಿ ತೋರಿಸುತ್ತಾರೆ. ಅಲ್ಲಿ ಎಲ್ಲವೂ ಚೆನ್ನಾಗಿ ಕೆಲಸ ಮಾಡುತ್ತದೆ. ಹೊರಗೆ ಬೀದಿಗೆ ಕರೆದುಕೊಂಡು ಹೋಗಿ ತೋರಿಸಿ ಅನ್ನಿ. ಒಂದು ಕೈಯಲ್ಲಿ ಕೋಲು, ಹೆಗಲಿಗೆ ಬ್ಯಾಗು, ಇನ್ನೊಂದು ಕೈಯಲ್ಲಿ ಕೊಡೆ ಇರುವಾಗ ನಡೆದು ನೋಡಿ. ನಿಮ್ಮ ಪೆಟ್ಟಿನ ಪಟ್ಟಿಯಲ್ಲಿರುವ ವಸ್ತುವನ್ನೇ ಎದುರಿಗೆ ಇಡಿಸಿ ಪರೀಕ್ಷಿಸಿ. ಬೇರೆಯವರ ಸಹಾಯ ಇಲ್ಲದೆ ಆನ್ ಮಾಡಲು ಬರುತ್ತದಾ? ಚಾರ್ಜರ್ ಪಿನ್ ಬೆರಳಿನಿಂದಲೇ ಸಿಕ್ಕಿಸಬಹುದಾ? ಬ್ಯಾಟರಿ ಮುಗಿಯುವ ಮೊದಲು ಎಚ್ಚರಿಸುತ್ತದಾ? ಅದರ ಆ್ಯಪ್ ಟಾಕ್‌ಬ್ಯಾಕ್ (ಫೋನಿನ ಪರದೆ ಓದಿ ಹೇಳುವ ವ್ಯವಸ್ಥೆ) ಜೊತೆ ಸರಿಯಾಗಿ ನಡೆಯುತ್ತದಾ? ಟಚ್ ಸ್ಕ್ರೀನ್ ನೋಡಿಯೇ ಸೆಟ್ ಮಾಡಬೇಕಾದ ಸಾಧನವನ್ನು ಕಣ್ಣು ಕಾಣದವರಿಗೆ ಮಾರುವವರೂ ಇದ್ದಾರೆ.

ಕನ್ನಡದ ಪರೀಕ್ಷೆ ಮರೆಯಬೇಡಿ. "ಕನ್ನಡ ಸಪೋರ್ಟ್ ಇದೆ" ಅಂದರೆ ಸಾಲದು. ಮಾತಾಡುವುದು ಬೇರೆ, ಅಕ್ಷರ ಓದುವುದು ಬೇರೆ. ಒತ್ತಕ್ಷರ ಹೆಚ್ಚಿರುವ ಒಂದು ಅಂಗಡಿ ಬೋರ್ಡು, ಒಂದು ಲಗ್ನಪತ್ರಿಕೆ, ಒಂದು ಕರೆಂಟ್ ಬಿಲ್ಲು ಓದಿಸಿ. ಇಂಟರ್‌ನೆಟ್ ಆಫ್ ಮಾಡಿ ಇನ್ನೊಂದು ಸಲ ಓದಿಸಿ. ವ್ಯತ್ಯಾಸ ಅಲ್ಲೇ ತಿಳಿಯುತ್ತದೆ.

ಕೊನೆಯದಾಗಿ ರಿಪೇರಿ. ನಾವು ಹೊರದೇಶದಿಂದ ತರಿಸಿದ ಮಣಿಕಟ್ಟಿನ ಪಟ್ಟಿಯೊಂದು ಎಂಟು ತಿಂಗಳಿಗೆ ಚಾರ್ಜ್ ಹಿಡಿಯುವುದು ನಿಲ್ಲಿಸಿತು. ಕಳಿಸಿದ ಮೇಲ್‌ಗಳಿಗೆ ಉತ್ತರ ಬರಲಿಲ್ಲ. ಅಣ್ಣ ಅದಕ್ಕೆ ಒಗ್ಗಿಕೊಂಡಿದ್ದ. ಅವನಿಗೆ ಆದ ಬೇಸರ ದುಡ್ಡಿನದಲ್ಲ, ಮತ್ತೆ ಹಣೆಗೆ ಕೈ ಅಡ್ಡ ಹಿಡಿದು ನಡೆಯಬೇಕಾಯಿತಲ್ಲ, ಅದರದು. ಆದ್ದರಿಂದ ಬ್ಯಾಟರಿ ಇಲ್ಲಿ ಸಿಗುತ್ತದಾ, ರಿಪೇರಿ ಎಲ್ಲಿ, ಕಂಪನಿ ಆ್ಯಪ್ ನಿಲ್ಲಿಸಿದರೂ ಸಾಧನ ನಡೆಯುತ್ತದಾ ಅಂತ ಬರವಣಿಗೆಯಲ್ಲಿ ಕೇಳಿ.

ಹಣದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಕೇಂದ್ರ ಸರ್ಕಾರದ ಎಡಿಪ್ ಯೋಜನೆಯಲ್ಲಿ ಆದಾಯದ ಮಿತಿಯೊಳಗಿರುವ ವಿಕಲಚೇತನರಿಗೆ ಸಾಧನಗಳನ್ನು ಕೊಡುತ್ತಾರೆ. ಸ್ಮಾರ್ಟ್‌ಕೇನ್ ಕೂಡ ಇದರಡಿ ಹಂಚಿಕೆಯಾಗಿದೆ. ಇದಕ್ಕೆ ಯುಡಿಐಡಿ ಕಾರ್ಡು (ವಿಕಲಚೇತನರ ಗುರುತಿನ ಚೀಟಿ) ಮತ್ತು ಆದಾಯ ಪ್ರಮಾಣಪತ್ರ ಸಿದ್ಧವಿರಲಿ. ಜಿಲ್ಲೆಯ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿಯಲ್ಲಿ ಮುಂದಿನ ಶಿಬಿರ ಯಾವಾಗ ಅಂತ ವಿಚಾರಿಸಿ.

ಆರನೆಯದು: ನಿಧಾನವಾಗಿ ಕಲಿಯಿರಿ

ಸಾಧನ ಬಂದ ದಿನವೇ ಬೀದಿಗೆ ಇಳಿಯಬೇಡಿ.

ಮೊದಲ ಮೂರು ದಿನ ಮನೆಯೊಳಗೆ. ಕುರ್ಚಿ ಮೇಲೆ ಕುಳಿತು, ಯಾರಾದರೂ ಒಂದು ರಟ್ಟನ್ನು ಹತ್ತಿರ ತಂದು ದೂರ ಒಯ್ಯಲಿ. ಒಂದು ಮೀಟರಿಗೆ ವೈಬ್ರೇಷನ್ ಹೇಗಿರುತ್ತದೆ, ಎರಡು ಮೀಟರಿಗೆ ಹೇಗಿರುತ್ತದೆ, ಕೈಗೆ ಅಭ್ಯಾಸವಾಗಲಿ. ಆಮೇಲೆ ಗೊತ್ತಿರುವ ಗೋಡೆಯ ಕಡೆಗೆ ನಡೆಯಿರಿ. ಕೈ ಚಾಚಿದರೆ ಗೋಡೆ ಸಿಗುವಷ್ಟು ದೂರದಲ್ಲಿ ನಿಲ್ಲುವುದೇ ಆಟ. ಹತ್ತರಲ್ಲಿ ಒಂಬತ್ತು ಸಲ ಸರಿಯಾಗಿ ನಿಲ್ಲುವವರೆಗೂ ಮುಂದಕ್ಕೆ ಹೋಗಬೇಡಿ.

ನಂತರ ಒಂದು ವಾರ ನಿಮ್ಮದೇ ಬೀದಿ, ಬೆಳಗ್ಗೆ ಆರರಿಂದ ಏಳರೊಳಗೆ. ಆಗ ವಾಹನ ಕಡಿಮೆ. ಅಡ್ಡಿಗಳು ಎಲ್ಲೆಲ್ಲಿವೆ ಅಂತ ನಿಮಗೆ ಮೊದಲೇ ಗೊತ್ತು. ಸಾಧನ ಅವನ್ನು ಹೇಗೆ ಹೇಳುತ್ತದೆ ಎಂಬುದನ್ನು ಮಾತ್ರ ಕಲಿಯುತ್ತಿದ್ದೀರಿ. ಈ ವಾರದಲ್ಲಿ ಒಂದು ವಿಚಿತ್ರ ಆಗುತ್ತದೆ. ಸಾಧನದ ಕಡೆಗೆ ಮನಸ್ಸು ಹೋಗಿ ಕೋಲು ಬೀಸುವುದು ಸೋಮಾರಿಯಾಗುತ್ತದೆ. ಅಣ್ಣನಿಗೂ ಹಾಗೇ ಆಗಿ, ದಿನವೂ ದಾಟುವ ಚರಂಡಿ ಅಂಚಿನಲ್ಲೇ ಕಾಲು ಜಾರಿತು. ಅಂಥ ದಿನ ಸಾಧನ ಆಫ್ ಮಾಡಿ, ಬರೀ ಕೋಲಿನಲ್ಲಿ ಅದೇ ದಾರಿ ಒಮ್ಮೆ ನಡೆದು ಬನ್ನಿ.

ಅದರ ಮುಂದಿನ ವಾರ ಹೊಸ ದಾರಿ. ಜೊತೆಗೆ ಬರುವವರಿಗೆ ಒಂದು ಮಾತು. ನೀವು ಎರಡು ಹೆಜ್ಜೆ ಹಿಂದೆ ಇರಿ, ಬಾಯಿ ಮುಚ್ಚಿಕೊಂಡಿರಿ. "ಎಡಕ್ಕೆ, ಎಡಕ್ಕೆ" ಅಂತ ಕೂಗಿದರೆ ಅವರು ನಿಮ್ಮ ದನಿ ಕೇಳುತ್ತಾರೆ, ಸಾಧನವನ್ನಲ್ಲ. ನನಗೆ ಇದು ಬಹಳ ಕಷ್ಟವಾಯಿತು. ಅಣ್ಣ ಕಂಬದ ಕಡೆ ಹೋಗುತ್ತಿದ್ದಾನೆ, ಸುಮ್ಮನಿರಬೇಕು ಅಂದರೆ ಹೇಗೆ? ಅವನು ಒಂದು ಅಡಿ ದೂರದಲ್ಲಿ ನಿಂತ. ಕೈ ಚಾಚಿ ಕಂಬ ಮುಟ್ಟಿದ. ಪಕ್ಕಕ್ಕೆ ಸರಿದು ನಡೆದ. ವಾಹನ ಬರುತ್ತಿದ್ದರೆ, ಗುಂಡಿ ಇದ್ದರೆ ಮಾತ್ರ "ನಿಲ್ಲು" ಅನ್ನಿ. ಆ ಒಂದೇ ಮಾತು ಸಾಕು.

ಜನ ಕಿಕ್ಕಿರಿದ ಕಡೆ ಸಾಧನವನ್ನು ಕಡಿಮೆ ದೂರಕ್ಕೆ ಇಡಿ. ದೇವರಾಜ ಮಾರ್ಕೆಟ್ಟಿನಲ್ಲಿ 3 ಮೀಟರಿಗೆ ಇಟ್ಟರೆ ಅದು ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ಅಣ್ಣ ಅಲ್ಲಿ ಅದನ್ನು ಪೂರ್ತಿ ಆಫ್ ಮಾಡಿಬಿಡುತ್ತಾನೆ. ಹೂವಿನ ಸಾಲು, ಬಾಳೆಹಣ್ಣಿನ ಸಾಲು ಅವನಿಗೆ ವಾಸನೆಯಿಂದಲೇ ಗೊತ್ತು.

ಇಟ್ಟುಕೊಳ್ಳುವ ಕ್ರಮ

ರಾತ್ರಿ ಮಲಗುವ ಮೊದಲು ಚಾರ್ಜ್‌ಗೆ ಹಾಕಿ, ದಿನವೂ ಒಂದೇ ಜಾಗದಲ್ಲಿ. ಸೆನ್ಸರ್ ಮತ್ತು ಕ್ಯಾಮೆರಾ ಗಾಜನ್ನು ಒಣ ಮೆತ್ತನೆ ಬಟ್ಟೆಯಿಂದ ಒರೆಸಿ. ಬೆರಳಿನ ಎಣ್ಣೆ ಅಂಟಿದರೆ ಕ್ಯಾಮೆರಾ ಮಂಜು ಮಂಜಾಗಿ ಓದುತ್ತದೆ, ಅದು ನಿಮಗೆ ತಿಳಿಯುವುದಿಲ್ಲ. ವಾರಕ್ಕೊಮ್ಮೆ ಮನೆಯ ಗೋಡೆಯ ಎದುರು ದೂರದ ಪರೀಕ್ಷೆ ಮಾಡಿ. ಮೊದಲ ದಿನದ ವೈಬ್ರೇಷನ್ನೇ ಈಗಲೂ ಬರುತ್ತಿದೆಯಾ ಅಂತ ನೋಡಿಕೊಳ್ಳಿ. ಕೋಲಿನ ತುದಿಯ ರಬ್ಬರ್ ಸವೆದಿದ್ದರೆ ಬದಲಿಸಿ.

ಬ್ಯಾಗಿನಲ್ಲಿ ಮಡಚುವ ಇನ್ನೊಂದು ಕೋಲು ಯಾವಾಗಲೂ ಇರಲಿ. ಬಸ್ಸಿನ ಬಾಗಿಲಿಗೆ ಸಿಕ್ಕಿ ಒಂದು ಮುರಿದರೆ, ಮನೆಗೆ ಕರೆದುಕೊಂಡು ಬರುವುದು ಅದು.